ಮಂಗಳವಾರ ಕಡಲಿಗಿಳಿಯದ ಊರು

ಘಾನಾದ ರಾಜಧಾನಿ ಅಕ್ರಾಕ್ಕೆ ಹೊಸದಾಗಿ ಬಂದು ನೆಲೆಸಿದವರಿಗೆ ಮಂಗಳವಾರದ ಜೇಮ್ಸ್‌ಟೌನ್ ಕಡಲತೀರ ಅಚ್ಚರಿ ಹುಟ್ಟಿಸುತ್ತದೆ. ಬಣ್ಣ ಬಳಿದ ಮರದ ದೋಣಿಗಳು ಮರಳ ಮೇಲೆ ಸಾಲಾಗಿ ನಿಂತಿರುತ್ತವೆ. ಬೆಸ್ತರು ನೆರಳಲ್ಲಿ ಕೂತು ಹರಿದ ಬಲೆ ಸರಿಪಡಿಸುತ್ತಾರೆ. ಅಂದು ಕಡಲಿಗೆ ಬಿಡುವು. ಊರಿನ ಹಳೆಯ ಒಕ್ಕಲಾದ ಗಾ ಜನ ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಕಟ್ಟಳೆಯಿದು.

ಈ ಬೆಸ್ತರ ಕೇರಿಗಳ ಪಕ್ಕದಲ್ಲೇ 17ನೇ ಶತಮಾನದಲ್ಲಿ ಡಚ್ಚರು, ಡೇನರು, ಇಂಗ್ಲಿಷರು ಕೋಟೆ ಕಟ್ಟಿದರು. ಚಿನ್ನದ ಜೊತೆ ಮನುಷ್ಯರನ್ನೂ ಹಡಗಿಗೇರಿಸಿದರು. 1877ರಲ್ಲಿ ಬ್ರಿಟಿಷರು ಗೋಲ್ಡ್ ಕೋಸ್ಟ್ ವಸಾಹತಿನ ರಾಜಧಾನಿಯನ್ನು ಕೇಪ್ ಕೋಸ್ಟ್‌ನಿಂದ ಇಲ್ಲಿಗೆ ತಂದರು.

1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂತು. ಆಮೇಲೆ ಬಂದ ಅತಿಥಿಗಳೇ ಬೇರೆ. 1961ರಲ್ಲಿ ಅಮೆರಿಕದ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್, ಮರುವರ್ಷ ಲೇಖಕಿ ಮಾಯಾ ಏಂಜೆಲೊ ಇಲ್ಲಿ ಮನೆ ಮಾಡಿದರು. 95ನೆಯ ವಯಸ್ಸಿನಲ್ಲಿ ತೀರಿಕೊಂಡ ಡುಬಾಯ್ಸ್ ಅವರ ಸಮಾಧಿ ಇಂದಿಗೂ ಅಕ್ರಾದಲ್ಲೇ ಇದೆ, ಅವರು ಬದುಕಿದ ಮನೆಯ ಆವರಣದಲ್ಲಿ.