ಮೈಸೂರಿನ ‘ಸ್ಪೀಚ್ ಅಂಡ್ ಹಿಯರಿಂಗ್’ ಮತ್ತು ನಮ್ಮೂರ ಮಕ್ಕಳ ಕಿವಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆಲ್ಲ ಇದು ಗೊತ್ತು. ತಪ್ಪಲಲ್ಲಿ ಗಾಡಿ ಬಿಟ್ಟು ಸರ್ಕಾರಿ ಬಸ್ ಹತ್ತಬೇಕು. ಬಸ್ಸು ನಾಲ್ಕು ತಿರುವು ಏರುವಷ್ಟರಲ್ಲಿ ಕಿವಿ ಗಪ್ಪೆಂದು ಕಟ್ಟಿಕೊಳ್ಳುತ್ತದೆ. ಪಕ್ಕದವರ ಮಾತು ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತದೆ. ಎಂಜಲು ನುಂಗಿದರೆ ‘ಟಪ್’ ಎಂದು ಬಿಟ್ಟುಕೊಳ್ಳುತ್ತದೆ. ಮೇಲಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಕಿವಿ ತಮಟೆಯ ಹಿಂದೆ ಕೆಳಗಿನ ಊರಿನ ಗಾಳಿಯೇ ಉಳಿದಿರುತ್ತದೆ, ಅದು ತಮಟೆಯನ್ನು ಹೊರಕ್ಕೆ ತಳ್ಳುತ್ತದೆ. ನುಂಗಿದಾಗ ಗಂಟಲಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ತೆರೆದು ಎರಡೂ ಕಡೆ ಸಮವಾಗುತ್ತದೆ.

ಎರಡು ನಿಮಿಷ ಕಿವಿ ಕಟ್ಟಿದರೇ ನಮಗೆ ಇಷ್ಟು ಕಸಿವಿಸಿ. ಆದರೆ ಹುಟ್ಟುವಾಗಲೇ ಒಳಗಿವಿ ಕೆಲಸ ಮಾಡದ ಮಗುವಿಗೆ ಕಸಿವಿಸಿ ಎಂಬುದೇ ಇಲ್ಲ. ಶಬ್ದ ಎಂದರೇನು ಎಂದು ಗೊತ್ತಿದ್ದರೆ ತಾನೇ ಅದು ಇಲ್ಲ ಎಂದು ಗೊತ್ತಾಗುವುದು? ಮಗು ನಗುತ್ತದೆ, ಅಳುತ್ತದೆ, ಅಂಬೆಗಾಲಿಡುತ್ತದೆ. ಮನೆಯವರಿಗೂ ಸುಳಿವು ಸಿಗುವುದಿಲ್ಲ. ಒಂದೂವರೆ ವರ್ಷವಾದರೂ ‘ಅಮ್ಮ’ ಅನ್ನದೇ ಇದ್ದಾಗ ಅನುಮಾನ ಶುರುವಾಗುತ್ತದೆ. ಆಗಲೂ ನಮ್ಮ ಕಡೆ ಹಿರಿಯರು ಹೇಳುವ ಮಾತು ಒಂದೇ: “ಅವರಪ್ಪನೂ ಹಂಗೇ ಇದ್ದ, ತಡವಾಗಿ ಮಾತು ಬತ್ತದೆ ಬುಡು.”

ಆಮೇಲೆ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಮಾತು ಬಂದರೆ ಗಂಟೆ ಕಟ್ಟಿಸುತ್ತೇವೆ ಎಂದು ಹರಕೆ ಹೊರುತ್ತಾರೆ. ನಾಲಿಗೆ ಅಂಟಿಕೊಂಡಿದೆಯೇನೋ ಎಂದು ಬಾಯಿ ಬಿಡಿಸಿ ನೋಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಪಚಾರವೆಲ್ಲ ಬಾಯಿಗೆ, ತೊಂದರೆ ಇರುವುದು ಕಿವಿಯಲ್ಲಿ. ‘ಕಿವುಡ’, ‘ಮೂಗ’ ಎಂದು ಎರಡು ಹೆಸರಿಟ್ಟು ಎರಡು ಕಾಯಿಲೆ ಮಾಡಿಬಿಟ್ಟಿದ್ದೇವೆ. ‘ಮೂಗ’ ಅನ್ನಿಸಿಕೊಂಡವರಲ್ಲಿ ಬಹುಪಾಲು ಜನರ ಗಂಟಲು, ನಾಲಿಗೆ, ತುಟಿ ಎಲ್ಲ ನಮ್ಮಂತೆಯೇ ಸರಿಯಾಗಿರುತ್ತವೆ. ಕೇಳದ ಮಾತನ್ನು ಆಡಲು ಕಲಿಯುವುದು ಹೇಗೆ, ಅಷ್ಟೇ ಪ್ರಶ್ನೆ.

ಈ ಎರಡು ಹೆಸರನ್ನು ಒಂದೇ ಬೋರ್ಡಿನಲ್ಲಿ ಜೋಡಿಸಿ ಬರೆದುಕೊಂಡ ಸಂಸ್ಥೆ ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ ಈ ಹೆಸರು ಹೇಳಿದರೆ ಯೋಚನೆ ಮಾಡುತ್ತಾರೆ. ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸೀದಾ ಕರೆದುಕೊಂಡು ಹೋಗುತ್ತಾರೆ. ದೇಶದ ನಾನಾ ಕಡೆಯಿಂದ ಇಲ್ಲಿಗೆ ಮಕ್ಕಳನ್ನು ಕರೆತರುತ್ತಾರೆ. ಪಕ್ಕದಲ್ಲೇ ಇರುವ ನಾವು ಹಲವು ಸಲ ತಡವಾಗಿ ಹೋಗುತ್ತೇವೆ.

ಮೈಸೂರಿಗೂ ಕಿವಿ ಕೇಳದ ಮಕ್ಕಳಿಗೂ ನಂಟು ಇನ್ನೂ ಹಳೆಯದು. 1901ರಲ್ಲೇ, ಮಹಾರಾಣಿ ವಾಣಿವಿಲಾಸರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, ಇಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಶುರುವಾಗಿತ್ತು. ತಿಲಕ್ ನಗರದ ಆ ಶಾಲೆಯ ಹೆಸರು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಆದರೆ ಶಾಲೆಯ ಕೆಲಸ ಓದಿಸುವುದು. ಮಗುವಿಗೆ ಎಷ್ಟು ಕೇಳುತ್ತದೆ, ಯಾವ ಶಬ್ದ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಅಳೆಯುವ ವೃತ್ತಿ ಆಗ ಪ್ರಪಂಚದಲ್ಲೇ ಇರಲಿಲ್ಲ.

ಆ ವೃತ್ತಿ ಹುಟ್ಟಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಫಿರಂಗಿ, ಬಾಂಬ್ ಸದ್ದಿಗೆ ಕಿವಿ ಕಳೆದುಕೊಂಡು ಸಾವಿರಾರು ಸೈನಿಕರು ಅಮೆರಿಕಕ್ಕೆ ವಾಪಸ್ಸಾದರು. ಇಂಥವರಿಗೆಂದೇ ಸೇನೆ ವಿಶೇಷ ಆಸ್ಪತ್ರೆಗಳನ್ನು ನಡೆಸಿತು. ಕಿವಿ ಡಾಕ್ಟರು ಗಾಯ ನೋಡಿದರು. ಆದರೆ ಉಳಿದಿರುವ ಶ್ರವಣವನ್ನು ಅಳೆದು, ಸರಿಯಾದ ಮಿಷನ್ ಆರಿಸಿ, ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಸುವವರು ಯಾರು? ರೇಮಂಡ್ ಕಾರ್‌ಹಾರ್ಟ್ ಎಂಬ ಮೇಷ್ಟರು ಅಂಥ ಒಂದು ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಯುದ್ಧ ಮುಗಿದ ಮೇಲೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಪಾಠವಾಗಿ ಕಲಿಸಿದರು. ಆಡಿಯಾಲಜಿ ಎಂಬ ಹೆಸರು ಬಳಕೆಗೆ ಬಂದದ್ದೂ ಆಗಲೇ, 1940ರ ದಶಕದ ನಡುವೆ. ಆಡಿಯಾಲಜಿಸ್ಟ್ ಬೇರೆ, ಇಎನ್‌ಟಿ ಡಾಕ್ಟರ್ ಬೇರೆ. ಕಿವಿ ಸೋರಿದರೆ, ಗುಗ್ಗೆ ಕಟ್ಟಿದರೆ, ಆಪರೇಷನ್ ಬೇಕಾದರೆ ಇಎನ್‌ಟಿ. ಅಳೆಯಲು, ಮಿಷನ್ ಹೊಂದಿಸಲು, ಅದರಲ್ಲಿ ಕೇಳುವುದನ್ನು ಅಭ್ಯಾಸ ಮಾಡಿಸಲು ಆಡಿಯಾಲಜಿಸ್ಟ್.

ಇದಾಗಿ ಇಪ್ಪತ್ತು ವರ್ಷದೊಳಗೆ ಅದು ಮೈಸೂರಿಗೆ ಬಂತು. 1965ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ಸಂಸ್ಥೆ ಸ್ಥಾಪಿಸಿತು. ಮೊದಲು ಇಟ್ಟ ಹೆಸರು ‘ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೀಡಿಕ್ಸ್’. ಪುಣ್ಯಕ್ಕೆ 1966ರಲ್ಲಿ ಅದು ಬದಲಾಗಿ ‘ಸ್ಪೀಚ್ ಅಂಡ್ ಹಿಯರಿಂಗ್’ ಆಯಿತು, ಇಲ್ಲದಿದ್ದರೆ ಆಟೋದವರ ಪಾಡು ಏನಾಗುತ್ತಿತ್ತೋ. ಮೊದಲ ನಿರ್ದೇಶಕರು ಡಾ. ಬಿ. ಎಂ. ರಾವ್. ಜಯಚಾಮರಾಜ ಒಡೆಯರ್ ಕೊಟ್ಟ ಜಾಗದಲ್ಲಿ 1966ರ ಜುಲೈ 25ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅಡಿಗಲ್ಲು ಹಾಕಿದರು. ರಾಧಾಕೃಷ್ಣನ್ ಅವರಿಗೂ ಮೈಸೂರು ಹೊಸ ಊರಲ್ಲ. ಪ್ರಾಯದಲ್ಲಿ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದವರು.

ಹೊರದೇಶದ ವಿದ್ಯೆಯನ್ನು ಹಾಗೆಯೇ ತಂದು ಇಟ್ಟರೆ ನಡೆಯುವುದಿಲ್ಲ ಎಂಬುದು ಇಲ್ಲಿಯವರಿಗೆ ಬೇಗ ಗೊತ್ತಾಯಿತು. ನನಗೆ ಈ ಚರಿತ್ರೆಯಲ್ಲಿ ಬಹಳ ಇಷ್ಟವಾದದ್ದು ಇದೇ ಭಾಗ.

ಕಿವಿ ಪರೀಕ್ಷೆ ಎರಡು ಥರ. ಒಂದು, ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ‘ಕುಂಯ್’ ಎಂಬ ಸ್ವರ ಬಿಡುವುದು. ಕೇಳಿದಾಗ ಬೆರಳೆತ್ತಬೇಕು. ದಪ್ಪ ಸ್ವರದಿಂದ ಕೀರಲು ಸ್ವರದವರೆಗೆ ಒಂದೊಂದನ್ನೂ ಎಷ್ಟು ಮೆಲ್ಲಗೆ ಬಿಟ್ಟರೆ ಕೇಳುತ್ತದೆ ಎಂದು ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಆ ನಕ್ಷೆಯೇ ಆಡಿಯೋಗ್ರಾಂ. ಇದಕ್ಕೆ ಭಾಷೆ ಬೇಡ. ಇನ್ನೊಂದು, ಪದಗಳನ್ನು ಕೇಳಿಸಿ ಅದನ್ನೇ ತಿರುಗಿ ಹೇಳಿಸುವುದು. ಜೀವನದಲ್ಲಿ ನಾವು ಕೇಳಬೇಕಾದದ್ದು ಕುಂಯ್ ಅಲ್ಲ, ಮಾತು. ಅಮೆರಿಕದ ಪಟ್ಟಿಯಲ್ಲಿ ಇದ್ದ ಪದಗಳು ‘ಬೇಸ್‌ಬಾಲ್’, ‘ಹಾಟ್‌ಡಾಗ್’ ಥರದವು. ತೆರಕಣಾಂಬಿಯ ರೈತರಿಗೆ ‘ಹಾಟ್‌ಡಾಗ್’ ಹೇಳಿ ಅನ್ನಿ ಎಂದರೆ ಅವರು ತಪ್ಪು ಹೇಳಿದ್ದು ಕಿವಿ ಕೇಳದೆಯೋ, ಪದ ತಿಳಿಯದೆಯೋ?

ಹಾಗಾಗಿ ಕನ್ನಡಕ್ಕೇ ಬೇರೆ ಪಟ್ಟಿ ಬೇಕಾಯಿತು. ಬರಿಯ ಅನುವಾದ ಸಾಲದು. ಆ ಇಂಗ್ಲಿಷ್ ಪದಗಳಲ್ಲಿ ಎರಡೂ ಅಕ್ಷರಕ್ಕೆ ಸಮನಾದ ಒತ್ತು ಬೀಳುತ್ತದೆ, ಕನ್ನಡದ ಮಾತಿನ ನಡೆಯೇ ಬೇರೆ. ನಮ್ಮ ಮಾತಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೋ ಅದೇ ಲೆಕ್ಕದಲ್ಲಿ ಪಟ್ಟಿಯಲ್ಲೂ ಬರಬೇಕು. ಳ, ಣ ಇಲ್ಲದ ಪಟ್ಟಿ ಕನ್ನಡದ ಪಟ್ಟಿಯಾದೀತೆ? ಉಚ್ಚಾರಣೆ ಪರೀಕ್ಷಿಸುವ ಕನ್ನಡದ ಪರೀಕ್ಷೆ 1972ರಲ್ಲೇ ಈ ಸಂಸ್ಥೆಯಿಂದ ಬಂತು. ಕನ್ನಡದ ಧ್ವನಿಗಳನ್ನು ಲೆಕ್ಕವಿಟ್ಟು ತೂಗಿದ ಎರಡಕ್ಷರದ ಪದಗಳ ಪಟ್ಟಿಯನ್ನು 2005ರಲ್ಲಿ ಆಶಾ ಯತಿರಾಜ್ ಮತ್ತು ಸಿ. ಎಸ್. ವಿಜಯಲಕ್ಷ್ಮಿ ಸಿದ್ಧಪಡಿಸಿದರು.

1972ರ ಪರೀಕ್ಷೆ ಮಾಡಿದವರಲ್ಲಿ ಒಬ್ಬರು ಡಾ. ನ. ರತ್ನ. ಆಮೇಲೆ ಸಂಸ್ಥೆಯ ನಿರ್ದೇಶಕರಾದರು. ಕನ್ನಡ ನಾಟಕ ನೋಡುವವರಿಗೆ ಇವರು ಬೇರೆಯದೇ ಕಾರಣಕ್ಕೆ ಗೊತ್ತು. ‘ಎಲ್ಲಿಗೆ’ ನಾಟಕ ಬರೆದವರು, ಮೈಸೂರಿನ ‘ಸಮತೆಂತೋ’ ತಂಡ ಕಟ್ಟಿದವರು. ಹಗಲು ಮಾತು ಬಾರದ ಮಕ್ಕಳ ಜೊತೆ, ಸಂಜೆ ರಂಗದ ಮೇಲೆ. ಮಾತಿನ ಬೆಲೆ ಎರಡೂ ಕಡೆಯಿಂದ ಬಲ್ಲವರು.

ಇನ್ನು ಮಿಷನ್ ವಿಷಯ. ಶರ್ಟಿನ ಜೇಬಿನಲ್ಲಿ ಬೆಂಕಿಪೊಟ್ಟಣದಂಥ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಎಷ್ಟೋ ಶಿಬಿರಗಳಲ್ಲಿ ಕೊಟ್ಟದ್ದು ಇದನ್ನೇ. 1947ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದಿದ್ದರಿಂದ ಮಿಷನ್ ಇಷ್ಟು ಚಿಕ್ಕದಾಯಿತು. ಅದಕ್ಕೂ ಮೊದಲು ವಾಲ್ವು, ದೊಡ್ಡ ಬ್ಯಾಟರಿ ಹೊತ್ತು ತಿರುಗಬೇಕಿತ್ತು. ಈಗಿನದು ಕಿವಿಯ ಹಿಂದೆ ಕೂರುತ್ತದೆ, ಯಾವ ಸ್ವರ ಎಷ್ಟು ಜೋರಾಗಬೇಕು ಎಂದು ಕಂಪ್ಯೂಟರಿನಿಂದ ಹೊಂದಿಸುತ್ತಾರೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಬಡವರಿಗೆ ಇಂಥ ಸಾಧನ ಕೊಡುತ್ತಿದೆ.

ನಮ್ಮೂರುಗಳಲ್ಲಿ ಕಿವಿ ಮಿಷನ್ ಟ್ರಂಕಿನಲ್ಲಿ ಇರುತ್ತದೆ. “ಬರೀ ಗುಂಯ್ ಅಂತದೆ ಕಣಪ್ಪ” ಎಂದು ತಾತ ಬಿಚ್ಚಿಟ್ಟಿರುತ್ತಾರೆ. ತಾತನ ತಪ್ಪಲ್ಲ. ಅಳತೆ ನೋಡದೆ ಕೊಟ್ಟ ಕನ್ನಡಕ ಹೇಗೋ ಅಳತೆ ನೋಡದೆ ಕೊಟ್ಟ ಮಿಷನ್ನೂ ಹಾಗೆಯೇ. ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಸರಿಯಾಗಿ ಕೂರದಿದ್ದರೂ ಸೀಟಿ ಹೊಡೆಯುತ್ತದೆ. ಮೊದಲ ಕೆಲವು ವಾರ ಮಿಕ್ಸಿ, ಫ್ಯಾನು, ತಟ್ಟೆ ಸದ್ದೆಲ್ಲ ಒಟ್ಟಿಗೆ ನುಗ್ಗಿ ತಲೆ ಚಿಟ್ಟು ಹಿಡಿಯುತ್ತದೆ. ಮರೆತದ್ದನ್ನು ಮಿದುಳು ಮತ್ತೆ ಕಲಿಯಬೇಕು. ಅದಕ್ಕೇ ಅಂಗಡಿಯಲ್ಲಿ ಕೊಂಡು ಸುಮ್ಮನಾಗಬಾರದು, ಎರಡು ಮೂರು ಸಲ ಹೋಗಿ ಹೊಂದಿಸಿಕೊಳ್ಳಬೇಕು. 1992ರ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಆಡಿಯಾಲಜಿಸ್ಟ್ ನೋಂದಣಿ ಪಡೆದಿರಬೇಕು. ನಂಬರ್ ಕೇಳುವ ಹಕ್ಕು ನಿಮಗಿದೆ.

ಮಿಷನ್ನಿಗೂ ನಿಲುಕದ ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್. ಒಳಗಿವಿಯ ಬಸವನಹುಳುವಿನಂಥ ಭಾಗಕ್ಕೆ ಸಣ್ಣ ತಂತಿ ಸೇರಿಸಿ ನರಕ್ಕೇ ವಿದ್ಯುತ್ ಸಂಕೇತ ಕೊಡುವ ಆಪರೇಷನ್. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಹಲವು ಚಾನೆಲ್ಲಿನ ಇಂಪ್ಲಾಂಟ್ ಹಾಕಿದರು. 2014ರಿಂದ ಅಡಿಪ್ ಯೋಜನೆಯಲ್ಲಿ ಮಗುವೊಂದಕ್ಕೆ 6 ಲಕ್ಷ ರೂಪಾಯಿವರೆಗೆ ಇದಕ್ಕೆ ಸಿಗುವಂತಾಯಿತು. ರಾಜ್ಯ ಸರ್ಕಾರದ ‘ಶ್ರವಣ ಸಂಜೀವಿನಿ’ಯೂ ಇದೆ. ಇಂಪ್ಲಾಂಟ್ ಹಾಕಿಸಿದ ಮಾತ್ರಕ್ಕೆ ಮಗು ಮಾತಾಡುವುದಿಲ್ಲ, ಆಮೇಲೆ ವರ್ಷಗಟ್ಟಲೆ ಥೆರಪಿ. ಮೈಸೂರಿನ ಸಂಸ್ಥೆಯ ಪ್ರೀ-ಸ್ಕೂಲಿನಲ್ಲಿ ಮಕ್ಕಳ ಜೊತೆ ಅಮ್ಮಂದಿರೂ ಕೂತು ಕಲಿಯುತ್ತಾರೆ, ಮನೆಯಲ್ಲಿ ಅವರೇ ಟೀಚರ್. ಕೂಲಿ ಬಿಟ್ಟು, ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿ, ಗಂಡ ಊರಲ್ಲಿ, ಹೆಂಡತಿ ಮಗು ಅಲ್ಲಿ. ಯೋಜನೆಯ ಲೆಕ್ಕದಲ್ಲಿ ಈ ಖರ್ಚು ಬರೆದಿರುವುದಿಲ್ಲ. ಎಲ್ಲರೂ ಈ ದಾರಿಯಲ್ಲೇ ಹೋಗಬೇಕೆಂದೂ ಇಲ್ಲ. ಸನ್ನೆ ಭಾಷೆಯೂ ಪೂರ್ತಿ ಭಾಷೆಯೇ, ಅದರಲ್ಲೇ ಓದಿ ದುಡಿದು ಸಂಸಾರ ಮಾಡುವವರಿದ್ದಾರೆ. ಮಾತೋ ಸನ್ನೆಯೋ, ಎಳೆಯ ವಯಸ್ಸಿನಲ್ಲೇ ಒಂದು ಭಾಷೆ ಸಿಗಬೇಕು. ಭಾಷೆ ಹಿಡಿಯುವ ಶಕ್ತಿ ಮಿದುಳಿನಲ್ಲಿ ಹೆಚ್ಚಿರುವುದು ಮೊದಲ ಮೂರು ನಾಲ್ಕು ವರ್ಷ.

ಹಾಗಾದರೆ ಎಷ್ಟು ಬೇಗ ಗೊತ್ತಾಗಬೇಕು? ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಬೆರಳೆತ್ತು ಎಂದರೆ ಎತ್ತದ ಹಸುಗೂಸಿಗೆ ಪರೀಕ್ಷೆ ಹೇಗೆ ಎಂದು ನೀವು ಕೇಳಬಹುದು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ವಿಚಿತ್ರ ಕಂಡುಹಿಡಿದರು: ಚೆನ್ನಾಗಿರುವ ಕಿವಿ ಶಬ್ದ ಕೇಳುವುದಷ್ಟೇ ಅಲ್ಲ, ತಾನೂ ಬಹಳ ಮೆಲ್ಲನೆಯ ಒಂದು ಶಬ್ದ ಹೊರಡಿಸುತ್ತದೆ. ಮಗು ಮಲಗಿರುವಾಗ ಕಿವಿಗೆ ಚಿಕ್ಕ ಬಿರಡೆ ಇಟ್ಟು ಆ ಮಾರುದನಿ ಹಿಡಿಯುತ್ತಾರೆ. ಕೆಲವು ನಿಮಿಷದ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಅದರಲ್ಲಿ ಅನುಮಾನ ಬಂದರೆ ‘ಬೇರಾ’ ಟೆಸ್ಟ್. ಮೈಸೂರಿನ ಸಂಸ್ಥೆ ಈ ಕೆಲಸವನ್ನು ತನ್ನ ಕಾಂಪೌಂಡಿನಿಂದ ಹೊರಗೂ ಒಯ್ದಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಮ್ಮದೇ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಸೇವಾ ಕೇಂದ್ರ ತೆರೆದದ್ದು ಇದಕ್ಕಾಗಿಯೇ.

ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಕೆಲವರು ಮುಖ ತಿರುಗಿಸುತ್ತಾರೆ: ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದೀರಾ? ಬೈಯಲು ಕೇಳುವುದಲ್ಲ. ಹುಟ್ಟುಕಿವುಡಿನಲ್ಲಿ ದೊಡ್ಡ ಪಾಲು ವಂಶವಾಹಿಯದು. ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿ ಕೇಳುತ್ತಿರುತ್ತದೆ, ಆದರೆ ಇಬ್ಬರಲ್ಲೂ ಒಂದೇ ದೋಷ ಅಡಗಿರುತ್ತದೆ. ಒಂದೇ ರಕ್ತದವರಲ್ಲಿ ಆ ಎರಡು ಸೇರುವ ಸಂಭವ ಹೆಚ್ಚು. ಕನೆಕ್ಸಿನ್ 26 ಎಂಬ ವಂಶವಾಹಿಗೂ ಕಿವುಡಿಗೂ ಇರುವ ಸಂಬಂಧ 1997ರಲ್ಲಿ ಪತ್ತೆಯಾಯಿತು. ಎಷ್ಟೋ ಕಡೆ ಇನ್ನೂ ಸೊಸೆಯ ಕಾಲ್ಗುಣದ ಮೇಲೇ ಹೇರುತ್ತಾರೆ.

ಹುಟ್ಟಿದ ಮೇಲೆ ಕಳೆದುಕೊಳ್ಳುವುದೂ ನಮ್ಮಲ್ಲಿ ಕಡಿಮೆ ಇಲ್ಲ. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಟ್ಟು, ಕಡ್ಡಿಯಲ್ಲಿ ಕೆದಕಿ ತಮಟೆ ತೂತು ಮಾಡಿಕೊಂಡವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳಲ್ಲಿ ಡ್ರಿಲ್ ಹಿಡಿದವರ ಮನೆಯಲ್ಲಿ ಟಿವಿ ಸದ್ದು ಬೀದಿಗೆ ಕೇಳುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತರೆ ಒಳಗಿವಿಯ ಕೂದಲಿನಂಥ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಸೈನಿಕರಿಗೆ ಫಿರಂಗಿ ಮಾಡಿದ್ದನ್ನು ಇಲ್ಲಿ ಡ್ರಿಲ್ ಮಾಡುತ್ತದೆ. ಕ್ವಾರಿಯವರಿಗೆ ಕಿವಿಗೆ ಹಾಕುವ ಪ್ಲಗ್ ಕೆಲವೇ ರೂಪಾಯಿ.

ಮನೆಯಲ್ಲಿ ಕೂಸಿದ್ದರೆ ಹೀಗೆ ನೋಡಿ. ಬಾಗಿಲು ದಡಾರೆಂದಾಗ ಬೆಚ್ಚಿಬೀಳುತ್ತದೆಯೇ? ಆರು ತಿಂಗಳ ಹೊತ್ತಿಗೆ ಹಿಂದಿನಿಂದ ಕರೆದರೆ ತಿರುಗುತ್ತದೆಯೇ? ಕರೆಯುವಾಗ ನೆರಳು ಬೀಳಬಾರದು, ಗಾಳಿ ತಾಗಬಾರದು. ಕೇಳದ ಮಕ್ಕಳು ಕಣ್ಣಲ್ಲೇ ಎಲ್ಲ ಹಿಡಿಯುತ್ತವೆ, ಹಾಗಾಗಿ ಅಜ್ಜಿಯೂ ಮೋಸಹೋಗುತ್ತಾಳೆ. ಅನುಮಾನ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ, ಬಜೆ ತೇಯುವುದಿದ್ದರೆ ತೇಯಿರಿ, ಆದರೆ ಆ ವಾರವೇ ಮೈಸೂರು ಬಸ್ ಹತ್ತಿ.