ನೇರಳೆ ಮೊಹರಿನ ಒಂದು ಹಾಳೆ

1979ರಲ್ಲಿ ಸಂಜೆ ಕಾಲೇಜಿನ ಬಿ.ಇ.ಗೆ ಅರ್ಜಿ ಹಾಕುವಾಗ ಡಿಪ್ಲೊಮಾ ಮಾರ್ಕ್ಸ್ ಕಾರ್ಡಿಗಿಂತ ಜೋಪಾನವಾಗಿ ನಾನು ಇಟ್ಟುಕೊಂಡಿದ್ದು ಸರ್ವಿಸ್ ಸರ್ಟಿಫಿಕೇಟನ್ನು. ಕಾರ್ಖಾನೆಯ ಲೆಟರ್‌ಹೆಡ್, ಕೆಳಗೊಂದು ನೇರಳೆ ಮೊಹರು, ಇಂಥವರು ಇಂಥ ತಾರೀಖಿನಿಂದ ನಮ್ಮ ಟೂಲ್‌ರೂಮಿನಲ್ಲಿದ್ದಾರೆ ಎಂಬ ಎರಡು ಸಾಲು. ಅದಕ್ಕಾಗಿ ಪರ್ಸನಲ್ ವಿಭಾಗಕ್ಕೆ ನಾಲ್ಕು ಸಲ ಅಲೆದಿದ್ದೆ. ಫೋರ್‌ಮನ್ ಸಹಿ ಹಾಕುತ್ತಾ, ‘ಓದ್ಕೊಂಡು ಬಂದು ನನ್ನ ತಲೆ ಮೇಲೆ ಕೂತ್ಕೋತೀಯಾ?’ ಎಂದು ನಕ್ಕಿದ್ದರು.

ಆಗಿನ ಬೆಂಗಳೂರು ಸೈರನ್ನಿನ ಊರು. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಡಿಪ್ಲೊಮಾ ಮುಗಿಸಿದ ಬಡವರ ಮನೆ ಹುಡುಗರಿಗೆ ಅಲ್ಲಿ ಸಂಬಳ ಸಿಕ್ಕಿತು. ಡಿಗ್ರಿಯ ಆಸೆ ಮಾತ್ರ ಹಾಗೇ ಉಳಿಯಿತು. ಕೆ.ಆರ್. ಸರ್ಕಲ್ಲಿನಲ್ಲಿ ನಿಂತರೆ ಒಂದು ಕಡೆ ಎಸ್‌ಜೆಪಿ ಪಾಲಿಟೆಕ್ನಿಕ್, ಇನ್ನೊಂದು ಕಡೆ 1917ರ ಎಂಜಿನಿಯರಿಂಗ್ ಕಾಲೇಜು. ನಡುವೆ ಕೆಲವೇ ನಿಮಿಷದ ನಡಿಗೆ. ನಮ್ಮಂಥವರಿಗೆ ಅಷ್ಟು ದೂರ ಹೋಗಲು ವರ್ಷಗಳೇ ಹಿಡಿಯುತ್ತಿದ್ದವು.

ಗುಮಾಸ್ತರಿಗೆ ದಾರಿ ಸ್ವಲ್ಪ ಸಲೀಸು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತ್ತು. ನಮ್ಮ ಶಾಪಿನ ಕೆಲವರು ಕಾಲೇಜಿನ ಸಹವಾಸವೇ ಬೇಡವೆಂದು ಡಿಗ್ರಿಗೆ ಸಮವೆನಿಸಿದ ಎ.ಎಂ.ಐ.ಇ. ಪರೀಕ್ಷೆಗೆ ಕಟ್ಟುತ್ತಿದ್ದರು. ಎ ಸೆಕ್ಷನ್ ದಾಟಿ ಬಿ ಸೆಕ್ಷನ್ನಿನಲ್ಲಿ ಕೂದಲು ಹಣ್ಣಾದವರನ್ನು ನೋಡಿದ್ದೇನೆ.

ನಾನು ಸೇರಿದ ಕಾಲೇಜಿನ ಹೆಸರು ಬೇಡ. ಫಸ್ಟ್ ಶಿಫ್ಟ್ ಮುಗಿಸಿ, ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಡ್ರಾಯಿಂಗ್ ಶೀಟಿನ ಅಂಚಿನಲ್ಲಿ ಹೆಬ್ಬೆಟ್ಟಿನ ಗುರುತು ಬೀಳುತ್ತಿತ್ತು. ‘ನೀಟ್‌ನೆಸ್’ ಅಂತ ಕೆಂಪು ಶಾಯಿಯಲ್ಲಿ ಬರೆದು ಎರಡು ಮಾರ್ಕು ಕಳೆಯುತ್ತಿದ್ದರು.

ಒಂದು ಸಂಜೆ ಲ್ಯಾಬಿನಲ್ಲಿ ಲೇತ್ ಓಡುತ್ತಿತ್ತು. ಟೂಲು ಮೊಂಡಾಗಿ ಜಾಬ್ ಮೇಲೆ ಗೀರು ಎದ್ದಿತು. ಮೇಷ್ಟ್ರು ನನ್ನ ಕಡೆ ನೋಡಿದರು. ಟೂಲ್ ಬಿಚ್ಚಿ, ಗ್ರೈಂಡಿಂಗ್ ವ್ಹೀಲಿಗೆ ಹಿಡಿದು, ಕಿಡಿ ನೋಡಿಕೊಂಡೇ ಅಂಚು ತೆಗೆದೆ. ಮತ್ತೆ ಕಟ್ಟಿ ಓಡಿಸಿದಾಗ ಚಿಪ್ಸು ಸುರುಳಿ ಸುರುಳಿಯಾಗಿ ಕಳಚಿ ಬಿತ್ತು. ‘ಭೇಷ್’ ಅಂದರು. ಅದೇ ವರ್ಷ ವೈವಾದಲ್ಲಿ ಹೊರಗಿನ ಪರೀಕ್ಷಕರು ಟೂಲಿನ ರೇಕ್ ಆಂಗಲ್ಲಿನ ಡೆಫಿನಿಷನ್ ಕೇಳಿದರು. ಕೈಯಲ್ಲಿ ತೋರಿಸಿದೆ. ಬಾಯಲ್ಲಿ ಹೇಳಿ ಅಂದರು. ತಡವರಿಸಿದೆ. ಕೊಟ್ಟಿದ್ದು ಪಾಸು ಮಾರ್ಕು.

ಪರೀಕ್ಷಕರದು ತಪ್ಪೆನ್ನಲಾರೆ. ಡೆಫಿನಿಷನ್ ಗೊತ್ತಿರಬೇಕು, ಸರಿ. ಆದರೆ ನನ್ನ ಅನುಭವ ಕಾಲೇಜಿಗೆ ಗೇಟ್ ಪಾಸ್ ಅಷ್ಟೇ ಆಗಿತ್ತು. ಅದಿಲ್ಲದೆ ಅರ್ಜಿಯನ್ನೇ ಮುಟ್ಟುತ್ತಿರಲಿಲ್ಲ. ಒಳಗೆ ಹೋದಮೇಲೆ ಅದರ ಮಾತೇ ಇಲ್ಲ. ಟೂಲ್‌ರೂಮಿನಲ್ಲಿ ಮೂರು ವರ್ಷ ಕಳೆದವನೂ, ಹೇಗೋ ಒಂದು ಸರ್ಟಿಫಿಕೇಟು ಹೊಂದಿಸಿಕೊಂಡು ಬಂದವನೂ ಅಲ್ಲಿ ಒಂದೇ.

ಸಾರ್ವಜನಿಕ ಉದ್ದಿಮೆಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡಬೇಕೆಂಬ ಉದ್ದೇಶದಿಂದ 1973ರಲ್ಲಿ ನಮ್ಮೂರಿನಲ್ಲೇ ಐಐಎಂ ತೆರೆಯಿತು. ಇವತ್ತು ಅಲ್ಲಿ ಅಭ್ಯರ್ಥಿಯ ಕೆಲಸದ ಅನುಭವಕ್ಕೂ ಆಯ್ಕೆಯಲ್ಲಿ ತೂಕವಿದೆ. ಮ್ಯಾನೇಜರ್ ಆಗುವವನ ಅನುಭವವನ್ನು ತೂಗಬಹುದಾದರೆ ಲೇತ್ ಮುಂದೆ ನಿಂತವನದನ್ನು ಯಾಕೆ ತೂಗಬಾರದು? ಮೈಕ್ರೋಮೀಟರ್ ಹಿಡಿದು ಬದುಕಿದವನು ನಾನು, ಅಳೆಯಲು ಆಗುವುದಿಲ್ಲ ಎಂಬ ಮಾತನ್ನು ಒಪ್ಪುವುದಿಲ್ಲ.

2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ದುಡಿಮೆಯ ಅನುಭವಕ್ಕೂ ಕ್ರೆಡಿಟ್ ಕೊಡಲು ಅವಕಾಶವಿದೆ. ಅಷ್ಟು ಹೊತ್ತಿಗೆ ನಮ್ಮ ಬ್ಯಾಚಿನವರೆಲ್ಲ ರಿಟೈರಾಗಿದ್ದೆವು.