ಪ್ರಶಸ್ತಿ ಕೊಟ್ಟರು, ಮಣ್ಣು ಕೊಡಲಿಲ್ಲ

ಹ್ಯಾಟಿ ಮೆಕ್‌ಡೇನಿಯಲ್‌ಳ ಅಪ್ಪ-ಅವ್ವ ಗುಲಾಮರಾಗಿ ಬದುಕಿದವರು. ಅಪ್ಪ ಹೆನ್ರಿ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯ ಸೇರಿ ಕಾದಾಡಿದವ. 1890ರ ದಶಕದಲ್ಲಿ ವಿಚಿಟಾದಲ್ಲಿ ಹುಟ್ಟಿದ ಈಕೆ ಹದಿಮೂರು ಮಕ್ಕಳಲ್ಲಿ ಕೊನೆಯವಳು. ಹಾಡಿಕೊಂಡು, ನಾಟಕ ಆಡಿಕೊಂಡು ಊರೂರು ಅಲೆದಳು. 1929ರಲ್ಲಿ ಷೇರುಪೇಟೆ ಕುಸಿದು ಕೆಲಸ ಹೋಯಿತು. ಮಿಲ್ವಾಕಿಯ ಒಂದು ಕ್ಲಬ್ಬಿನಲ್ಲಿ ಕಕ್ಕಸುಕೋಣೆ ಕಾಯುವ ಕೆಲಸಕ್ಕೆ ನಿಂತಳು, ಅಲ್ಲೇ ಹಾಡುಗಾರ್ತಿಯಾದಳು. 1931ರಲ್ಲಿ ಲಾಸ್ ಏಂಜಲೀಸಿಗೆ ಬಂದಳು. ಸಿನಿಮಾ ಸಿಗದ ದಿನ ಮಂದಿ ಮನೆಯಲ್ಲಿ ಚಾಕರಿ. ಸಿಕ್ಕ ದಿನ ತೆರೆಯ ಮೇಲೂ ಅದೇ ಚಾಕರಿ.

1939ರ 'ಗಾನ್ ವಿತ್ ದ ವಿಂಡ್' ಗುಲಾಮರ ಒಡೆಯರ ವೈಭವಕ್ಕೆ ಕಣ್ಣೀರಿಟ್ಟ ಸಿನಿಮಾ. ಅದರಲ್ಲಿ ಹ್ಯಾಟಿ ಮ್ಯಾಮಿ ಎಂಬ ದಾಸಿ. ಆ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ. ಅಲ್ಲಿ ಕರಿಯರಿಗೂ ಬಿಳಿಯರಿಗೂ ಒಟ್ಟಿಗೆ ಕೂರುವ ಹಕ್ಕಿಲ್ಲ, ಹ್ಯಾಟಿ ಹೋಗುವಂತಿಲ್ಲ. 1940ರ ಫೆಬ್ರವರಿ 29ರಂದು ಅದೇ ಪಾತ್ರಕ್ಕೆ ಆಸ್ಕರ್ ಬಂತು. ಕರಿಯರಿಗೆ ಸಿಕ್ಕ ಮೊಟ್ಟಮೊದಲ ಆಸ್ಕರ್. ಸಮಾರಂಭ ನಡೆದ ಅಂಬಾಸಿಡರ್ ಹೋಟೆಲಿಗೆ ಕರಿಯರ ಪ್ರವೇಶವಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ಕೇಳಿಕೊಂಡ ಮೇಲೆ ಒಳಗೆ ಬಿಟ್ಟರು. ಗೋಡೆ ಬದಿಯ ಬೇರೆ ಮೇಜಿನಲ್ಲಿ ಕೂರಿಸಿದರು.

ದಾಸಿಯ ಪಾತ್ರ ಮಾಡಿ ಜನಾಂಗದ ಮಾನ ಕಳೆದಳು ಅಂತ ಆಕೆಯ ಜನರಲ್ಲೇ ಕೆಲವರು ಬೈದರು. ಕರಿಯರ ಹಕ್ಕಿನ ಸಂಘಟನೆಯ ನಾಯಕ ವಾಲ್ಟರ್ ವೈಟ್ 1942ರಲ್ಲಿ ಹಾಲಿವುಡ್ಡಿಗೆ ಹೋಗಿ, ಇಂಥ ಪಾತ್ರ ನಿಲ್ಲಿಸಿ ಎಂದು ಸ್ಟುಡಿಯೋಗಳನ್ನು ಕೇಳಿದ. ಅವನ ಸಿಟ್ಟು ನ್ಯಾಯವಾದದ್ದೇ. ಆ ನಗುಮೊಗದ ದಾಸಿಯನ್ನು ನೋಡಿದ ಬಿಳಿಯ ಗುಲಾಮಗಿರಿ ಸುಖವಾಗಿತ್ತು ಅಂತ ನಂಬಿದ. ಆದರೆ ಪಾತ್ರ ಬರೆದ ಕೈ ಯಾವುದು? ದುಡ್ಡು ಹೂಡಿದ ಕೈ ಯಾವುದು? ಆ ಕೈ ಹಿಡಿದು ಕೇಳಬೇಕಾದ್ದನ್ನು ಕೂಲಿಗೆ ಬಂದವಳ ಕೈ ಹಿಡಿದು ಕೇಳಿದರೆ ಹೇಗೆ?

ಹ್ಯಾಟಿ ಸುಮ್ಮನಿದ್ದವಳೂ ಅಲ್ಲ. ಶುಗರ್ ಹಿಲ್ ಎಂಬ ಬಡಾವಣೆಯಲ್ಲಿ ಮನೆ ಕೊಂಡಳು. ಕರಿಯರಿಗೆ ಮಾರಕೂಡದು ಅಂತ ಅಲ್ಲಿನ ಮನೆಪತ್ರಗಳಲ್ಲೇ ಬರೆದಿತ್ತು. ಬಿಳಿಯ ನೆರೆಯವರು ಕೋರ್ಟಿಗೆ ಹೋದರು. ಹ್ಯಾಟಿ, ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮತ್ತಿತರರು ಒಟ್ಟಾಗಿ ಎದುರಿಸಿದರು. 1945ರಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಸಂವಿಧಾನದ 14ನೇ ತಿದ್ದುಪಡಿಯನ್ನು ಹಿಡಿದು ದಾವೆಯನ್ನು ಹೊರಹಾಕಿದ. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿ ಮಾಡಕೂಡದು ಎಂದಿತು. ತೆರೆಯ ಮೇಲೆ ದಾಸಿ, ಕೇರಿ ದಾಟುವ ಹೋರಾಟದಲ್ಲಿ ಮುಂದಾಳು. ಎರಡೂ ಒಬ್ಬಳೇ.

1947ರಿಂದ ರೇಡಿಯೋದಲ್ಲಿ 'ಬ್ಯೂಲಾ' ಆದಳು. ಆಮೇಲೆ ಅದೇ ಹೆಸರಿನ ಟೆಲಿವಿಷನ್ ಸರಣಿಗೆ ಬಂದಳು. ಅಲ್ಲೂ ಮನೆಗೆಲಸದವಳೇ. ಕೆಲವೇ ಕಂತು ಮುಗಿಸಿ ಕಾಯಿಲೆ ಬಿದ್ದಳು. 1952ರ ಅಕ್ಟೋಬರ್ 26ರಂದು ಕ್ಯಾನ್ಸರಿನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣಾಗಬೇಕು ಅಂತ ಆಸೆಪಟ್ಟಿದ್ದಳು. ಕರಿಯಳಿಗೆ ಜಾಗವಿಲ್ಲ ಅಂದರು. ರೋಸ್‌ಡೇಲ್ ಸ್ಮಶಾನದಲ್ಲಿ ಹೂಳಿದರು. ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಆಸ್ಕರ್ ಫಲಕ ಕಳೆದೇಹೋಯಿತು.

ಇನ್ನೊಬ್ಬ ಕರಿಯ ನಟಿ, ವೂಪಿ ಗೋಲ್ಡ್‌ಬರ್ಗ್, ಆಸ್ಕರ್ ಪಡೆದದ್ದು 1991ರಲ್ಲಿ. ಹಾಲಿವುಡ್ ಸ್ಮಶಾನದಲ್ಲಿ ಹ್ಯಾಟಿಯ ಹೆಸರಿನ ಸ್ಮಾರಕ ನಿಂತದ್ದು 1999ರಲ್ಲಿ. ಕಳೆದ ಫಲಕಕ್ಕೆ ಬದಲಿ ಕೊಟ್ಟದ್ದು 2023ರಲ್ಲಿ. ಸತ್ತವರಿಗೆ ಕಲ್ಲು ನೆಡುವುದು ಯಜಮಾನರಿಗೆ ಸುಲಭ. ಬದುಕಿದ್ದವಳಿಗೆ ಅವರು ಒಂದೇ ಒಂದು ಬೇರೆ ಪಾತ್ರ ಬರೆಯಲಿಲ್ಲ ಯಾಕೆ? ಗೆಳೆಯರೇ, ನಮ್ಮ ಲೆಕ್ಕ ಅಲ್ಲಿಂದ ಶುರುವಾಗಲಿ.